ಸಮುದ್ರ ಕಾಣುವ ಟೇಬಲ್ಲೇ ಬೇಕು, ಮೀನು ಯಾವುದಾದರೂ ನಡೆಯುತ್ತದೆ

ಬಂದರಿರುವ ಊರಿನಲ್ಲಿ ಹುಟ್ಟುಹಬ್ಬದ ಊಟಕ್ಕೆ ಒಂದು ರೆಸ್ಟೋರೆಂಟ್ ಆರಿಸುವುದಕ್ಕಿಂತ ಇನ್ನೊಂದು ಬಂದರು ಕಟ್ಟುವುದು ಸುಲಭ. ಬಂದರಿಗೆ ಒಂದು ಪರಿಸರ ವರದಿ, ಒಂದು ಟೆಂಡರು, ಕಲ್ಲಿಗೆ ಹೂವು ಹಾಕಲು ಒಬ್ಬ ಮಂತ್ರಿ ಸಾಕು. ಊಟಕ್ಕೆ ವಾಟ್ಸಾಪ್ ಗ್ರೂಪು ಬೇಕು.

ಗ್ರೂಪಿನಲ್ಲಿ ಏನು ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಲಿಂಕ್ ಹಾಕುತ್ತಾರೆ. ಮೂವರು ಹೆಬ್ಬೆರಳು ಎತ್ತುತ್ತಾರೆ. ಅದುವರೆಗೆ ತೆಪ್ಪಗಿದ್ದ ಇನ್ನೊಬ್ಬರು 'ರೇಟಿಂಗ್ ನೋಡಿದ್ರಾ?' ಅಂತ ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. 4.1 ಇದ್ದರೆ ಆ ಕಡೆ ತಲೆ ಹಾಕಿಯೂ ಮಲಗಬಾರದು. 4.8 ಇದ್ದರೆ ದುಡ್ಡು ಕೊಟ್ಟು ಬರೆಸಿದ್ದಾರೆ. 4.3 ಇದ್ದರೆ ಮಾತ್ರ ನಂಬಬಹುದು. ಭೂಮಿಯ ಮೇಲಿನ ಸಕಲ ರೆಸ್ಟೋರೆಂಟುಗಳೂ 4.3 ಆಗಿರುವುದರಿಂದ ಚರ್ಚೆ ಮತ್ತೆ ಮೊದಲ ಲಿಂಕಿಗೇ ಬಂದು ನಿಲ್ಲುತ್ತದೆ.

ಬಂದರಿನ ಧಕ್ಕೆಯಲ್ಲಿ ಕೂತು ಬಲೆ ಹೆಣೆಯುವವರನ್ನು ಕೇಳಿದರೆ ಮೀನು ಎಲ್ಲಿ ಚೆನ್ನಾಗಿ ಕರಿಯುತ್ತಾರೆ ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಾರೆ. ಆದರೆ ಅವರ ಹತ್ತಿರ ಪ್ರೊಫೈಲ್ ಫೋಟೋ ಇಲ್ಲ, ಹೆಸರಿನ ಮುಂದೆ ಬ್ಯಾಡ್ಜ್ ಇಲ್ಲ. ಅವರ ಮಾತನ್ನು ಹೇಗೆ ನಂಬೋದು? ನಾವು ನಂಬುವುದು, ಪಾರ್ಕಿಂಗ್ ಸಿಗಲಿಲ್ಲ ಅಂತ ಮೀನುಸಾರಿಗೆ ಎರಡು ಸ್ಟಾರ್ ಕೊಟ್ಟ ಮಹಾನುಭಾವನನ್ನು.

ಲಂಡನ್ನಿನ ಶೆಡ್ಡಿನ ಕಥೆ ನೆನಪಿದೆ ಅಲ್ವಾ? 2017ರಲ್ಲಿ ಊಬಾ ಬಟ್ಲರ್ ಅನ್ನುವ ಪತ್ರಕರ್ತ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ರೆಸ್ಟೋರೆಂಟ್ ಅಂತ ಟ್ರಿಪ್‌ಅಡ್ವೈಸರ್ ಅನ್ನುವ ವಿಮರ್ಶೆಯ ಜಾಲತಾಣದಲ್ಲಿ ಸೇರಿಸಿದ. ಅಡುಗೆಯವನಿಲ್ಲ, ಗಿರಾಕಿ ಮೊದಲೇ ಇಲ್ಲ. ಫೋಟೋದಲ್ಲಿದ್ದ ಕೆನೆ ಶೇವಿಂಗ್ ಕ್ರೀಮು. ಬಿಳಿ ಬಿಲ್ಲೆ ಬ್ಲೀಚಿನದು. ಒಂದು ತಟ್ಟೆಯಲ್ಲಂತೂ ಅವನದೇ ಹಿಮ್ಮಡಿ. ಗೆಳೆಯರು ಕೂತಲ್ಲೇ ಹೊಗಳಿ ಬರೆದರು. ಕೆಲವೇ ತಿಂಗಳಲ್ಲಿ ಲಂಡನ್ನಿಗೇ ನಂಬರ್ ಒನ್! ಜನ ಟೇಬಲ್ಲಿಗಾಗಿ ಫೋನ್ ಮಾಡಿದರು. ಇಲ್ಲ ಅಂದಷ್ಟೂ ಜಾಸ್ತಿ ಮಾಡಿದರು. ಕೊನೆಗೆ ಒಂದೇ ಒಂದು ರಾತ್ರಿ ನಿಜವಾಗಿ ಬಾಗಿಲು ತೆರೆದ. ಅಗ್ಗದ ರೆಡಿಮೇಡ್ ಊಟದ ಪ್ಯಾಕೆಟ್ಟನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಬಡಿಸಿದ. ತಿಂದವರಲ್ಲಿ ಕೆಲವರು ಇನ್ನೊಮ್ಮೆ ಬರಬಹುದಾ ಅಂತ ಕೇಳಿ ಹೋದರು.

ಇದನ್ನು ಓದಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಕ್ಕು, ಅದೇ ಫೋನಿನಲ್ಲಿ, ಮುಂದಿನ ಊಟಕ್ಕೆ ಸ್ಟಾರ್ ಹುಡುಕಿದೆವು. ಅಮೆರಿಕದಲ್ಲಿ ಸುಳ್ಳು ವಿಮರ್ಶೆ ಮಾರಿದರೂ ಕೊಂಡರೂ ದಂಡ ಅಂತ 2024ರ ಅಕ್ಟೋಬರಿನಿಂದ ನಿಯಮ ಬಂದಿದೆ. ದಂಡ ಹಾಕುವಷ್ಟು ದೊಡ್ಡ ವ್ಯಾಪಾರ ಇದು ಅಂತಾಯಿತು.

ಊಟಕ್ಕೆ ಸ್ಟಾರ್ ಹಚ್ಚುವುದನ್ನು ಜಗತ್ತಿಗೆ ಕಲಿಸಿದ್ದೇ ಒಂದು ಟಯರ್ ಕಂಪನಿ. ಮಿಶೆಲಿನ್‌ನವರು 1900ರಲ್ಲಿ ಗೈಡ್ ಪುಸ್ತಕ ಹಂಚಿದರು, 1926ರಿಂದ ಸ್ಟಾರ್ ಕೊಟ್ಟರು. ಜನ ಊಟಕ್ಕೆ ದೂರ ದೂರ ಕಾರಿನಲ್ಲಿ ಹೋಗಲಿ, ಟಯರ್ ಸವೆಯಲಿ. ಅವರ ಲೆಕ್ಕ ಸರಳವಾಗಿತ್ತು. ಈಗಿನ ರೇಟಿಂಗ್ ಆ್ಯಪ್‌ನವರು ಏನು ಸವೆಸುತ್ತಿದ್ದಾರೆ ಅಂತ ಹೇಳುವುದೇ ಇಲ್ಲ.

ಇರಲಿ. ಬಂದರಿಗೆ ಬರೋಣ.

ಹುಟ್ಟುಹಬ್ಬ ಅಂದಮೇಲೆ 'ಸೀ ವ್ಯೂ' ಬೇಕೇ ಬೇಕು. ಎಂಥ ಸೀ? ಒಂದು ಕ್ರೇನು, ಅದರ ಹಿಂದೆ ಕಂಟೇನರ್ ರಾಶಿ, ಅದರ ಹಿಂದೆ ತುಕ್ಕು ಹಿಡಿದ ಹಡಗು, ಹಡಗಿನ ಪಕ್ಕದಲ್ಲಿ ಒಂದು ಗೇಣು ನೀರು. ರಾತ್ರಿ ಎಂಟಕ್ಕೆ ಅದೂ ಇಲ್ಲ, ಬರೀ ಕತ್ತಲೆ. ಗಾಜಿನಲ್ಲಿ ಕಾಣುವುದು ನಮ್ಮ ನಮ್ಮ ಮುಖ. ಹಾಗಂತ ಕಿಟಕಿಯ ಟೇಬಲ್ ಬಿಟ್ಟುಕೊಡಲು ಆಗುತ್ತದೆಯೇ? ಅದಕ್ಕೆ ಮುಂಗಡ ಕಟ್ಟಿಯಾಗಿದೆ. ಒಂದೂವರೆ ಗಂಟೆಯಲ್ಲಿ ಎದ್ದೇಳಬೇಕು ಅನ್ನುವ ಷರತ್ತಿಗೂ ಒಪ್ಪಿಯಾಗಿದೆ. ಒಂದು ಸಲ ಗಾಳಿ ಬೀಸಿದರೆ ಡೀಸೆಲ್ಲಿನ ಘಾಟು, ಇನ್ನೊಂದು ಸಲ ಬೀಸಿದರೆ ಒಣಮೀನಿನದು. ಫೋಟೋದಲ್ಲಿ ಎರಡೂ ಬರುವುದಿಲ್ಲವಲ್ಲ, ಸಾಕು.

ಆಮೇಲೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ 'ಇಂದಿನ ತಾಜಾ ಮೀನು'. ದೊಡ್ಡ ಟ್ರಾಲರುಗಳು ಐಸ್ ತುಂಬಿಕೊಂಡು ಹೊರಟರೆ ದಿನಗಟ್ಟಲೆ ಕಡಲಿನಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ದಡಕ್ಕೆ ಬರುವಷ್ಟರಲ್ಲಿ ಎಷ್ಟು ಹಳೆಯದು ಅಂತ ನೀವೇ ಲೆಕ್ಕ ಹಾಕಿ. ಮೀನು ಹಿಡಿಯುವುದೇ ನಿಷೇಧವಿರುವ ತಿಂಗಳಲ್ಲೂ ಹಲಗೆಯ ಮೇಲಿನ 'ಇಂದಿನ' ಅಳಿಯುವುದಿಲ್ಲ. ಐಸಿನಲ್ಲಿಟ್ಟ ಮೀನು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಸಿಯಾಗಿ ಬಡಿಸುವ ಮೀನನ್ನು, ಕೆಲವು ಜಾತಿ ಬಿಟ್ಟು, ಸೊನ್ನೆಗಿಂತ 20 ಡಿಗ್ರಿ ಕೆಳಗೆ 7 ದಿನ ಇಡಿ ಅಂತ ಅಮೆರಿಕದ ಆಹಾರ ಇಲಾಖೆಯೇ ಹೇಳುತ್ತದೆ. ಒಳಗಿನ ಹುಳು ಸಾಯಲಿ ಅಂತ. ಸರಿಯಾದ ಮಾತೇ. ಹಾಗಾದರೆ ಹಲಗೆಯ ಮೇಲೂ ಅದನ್ನೇ ಬರೆಯಿರಿ ಸ್ವಾಮಿ.

ತಾಜಾತನ ಹಾಳಾಗಲಿ, ಹೆಸರಾದರೂ ನಿಜವಾ? ಓಷಿಯಾನಾ ಅನ್ನುವ ಕಡಲು ಸಂರಕ್ಷಣೆಯ ಸಂಸ್ಥೆ ಅಮೆರಿಕದ ಅಂಗಡಿ, ಹೋಟೆಲುಗಳಿಂದ 1,215 ಮೀನಿನ ಮಾದರಿ ತಂದು ಡಿಎನ್‌ಎ ಪರೀಕ್ಷೆ ಮಾಡಿಸಿತು. 2013ರಲ್ಲಿ ವರದಿ ಬಂತು. ಮೂರರಲ್ಲಿ ಒಂದಕ್ಕೆ ತಪ್ಪು ಹೆಸರು. ರೆಡ್ ಸ್ನ್ಯಾಪರ್ ಅಂತ ಮಾರಿದ 120 ತುಂಡುಗಳಲ್ಲಿ ನಿಜವಾದದ್ದು 7. ಉಳಿದ 113 ತಿಂದವರೂ ಕಣ್ಣು ಮುಚ್ಚಿ 'ಆಹಾ, ಸ್ನ್ಯಾಪರ್ ರುಚಿಯೇ ಬೇರೆ' ಅಂದಿರುತ್ತಾರೆ. ಬೇರೆಯೇ, ಅನುಮಾನ ಬೇಡ.

ಇಷ್ಟರಲ್ಲಿ ದೀಪ ಆರುತ್ತದೆ. ಕರೆಂಟ್ ಹೋಗಿದ್ದಲ್ಲ, ಕೇಕ್ ಬಂತು. ಅಡುಗೆಮನೆಯಿಂದ ಐದಾರು ಹುಡುಗರು ಚಪ್ಪಾಳೆ ತಟ್ಟುತ್ತಾ ಬರುತ್ತಾರೆ. ಅವರು ಯಾರಿಗೆ ಹಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ. ಹೆಸರು ಬರುವ ಸಾಲಿನಲ್ಲಿ ಗೊಣಗಿ ಮುಂದೆ ಹೋಗುತ್ತಾರೆ. ಈ ಹಾಡಿಗೂ ಒಂದು ಕೋರ್ಟು ಕಚೇರಿ ಇದೆ. ರಾಗ 1893ರದು, ಅಮೆರಿಕದ ಹಿಲ್ ಸಹೋದರಿಯರು ಶಾಲೆ ಮಕ್ಕಳಿಗೆ ಬೆಳಗಿನ ನಮಸ್ಕಾರದ ಹಾಡಾಗಿ ಕಟ್ಟಿದ್ದು. ಆಮೇಲೆ ಅದು ಹ್ಯಾಪಿ ಬರ್ತ್‌ಡೇ ಆಯಿತು. ಹಕ್ಕು ನಮ್ಮದು ಅಂತ ವಾರ್ನರ್ ಚಾಪೆಲ್ ಕಂಪನಿ ವರ್ಷಗಟ್ಟಲೆ ದುಡ್ಡು ವಸೂಲಿ ಮಾಡಿತು. ಹಾಡಿನ ಫೀಜು ಉಳಿಸಲು ಅಲ್ಲಿನ ದೊಡ್ಡ ರೆಸ್ಟೋರೆಂಟುಗಳು ತಮ್ಮದೇ ಹುಟ್ಟುಹಬ್ಬದ ಹಾಡು ಕಟ್ಟಿಸಿಕೊಂಡವು. ಕೇಳಿದವರಿಗೆ ವಯಸ್ಸಾಗುವುದೇ ಬೇಡ ಅನ್ನಿಸುವ ಹಾಡುಗಳು. 2015ರಲ್ಲಿ ನ್ಯಾಯಾಧೀಶರು ಕಂಪನಿಯ ಬಳಿ ಸರಿಯಾದ ಹಕ್ಕೇ ಇಲ್ಲ ಅಂದರು. ಕಂಪನಿ 1 ಕೋಟಿ 40 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಈಗ ಹಾಡು ಬಿಟ್ಟಿ. ಬಿಟ್ಟಿಯಾದ ಮೇಲೆ ಅದನ್ನು ಹಾಡುವವರಿಗೆ ಏನು ಸಿಗುತ್ತದೆ ಅಂತ ಯಾರೂ ಕೇಳಲಿಲ್ಲ.

ಹಾಡಿದ ಹುಡುಗನೇ ಬಿಲ್ ತರುತ್ತಾನೆ. ಜೊತೆಗೆ ಒಂದು ಕ್ಯೂಆರ್ ಕೋಡು. 'ಐದು ಸ್ಟಾರ್ ಕೊಡಿ ಸರ್, ನನ್ನ ಹೆಸರು ಬರೀರಿ' ಅಂತ ಮೆಲ್ಲಗೆ ಹೇಳುತ್ತಾನೆ. ಹೇಳಿ ಅಲ್ಲೇ ನಿಲ್ಲುತ್ತಾನೆ. ಒತ್ತುವುದನ್ನು ನೋಡುವವರೆಗೂ ಹೋಗುವುದಿಲ್ಲ.

ಇಲ್ಲಿ ನನಗೆ ನಗು ಬರುವುದಿಲ್ಲ. ಬೆಳಿಗ್ಗೆಯಿಂದ ನಿಂತೇ ಇರುವ ಮನುಷ್ಯ ಅವನು. ಮೀನಿನ ಹೆಸರು ಬದಲಾಯಿಸಿದ್ದು ಅವನಲ್ಲ. ನಾಲ್ವರ ಕೆಲಸಕ್ಕೆ ಇಬ್ಬರನ್ನು ಇಟ್ಟಿದ್ದು ಅವನಲ್ಲ. ಊಟ ತಡವಾಗಿದ್ದಕ್ಕೆ ನಮ್ಮ ಟೇಬಲ್ಲಿನಿಂದ ಬೈಸಿಕೊಂಡವನು ಮಾತ್ರ ಅವನೇ. ನಾಳೆ ಬೆಳಿಗ್ಗೆ ಎಷ್ಟು ಸ್ಟಾರ್ ಬಂತು, ಯಾರ ಹೆಸರಿಗೆ ಬಂತು ಅಂತ ಮ್ಯಾನೇಜರ್ ಲೆಕ್ಕ ಕೇಳುವುದೂ ಅವನನ್ನೇ. ಒಬ್ಬ ಬೆಳೆದ ಮನುಷ್ಯನನ್ನು ನೆಂಟರಿಷ್ಟರ ಮುಂದೆ ನಿಲ್ಲಿಸಿ ಅಂಕ ಬೇಡಿಸುವುದಕ್ಕೆ ನಾಚಿಕೆಯಾಗಬೇಕು. ಮಾಲೀಕನಿಗೂ ಆಗಬೇಕು, ಆ ಆ್ಯಪ್ ಮಾಡಿದವರಿಗೂ ಆಗಬೇಕು. ಎದುರಿಗೆ ನಿಂತ ಆ ಮುಖ ನೋಡಿಕೊಂಡು ಮೂರು ಒತ್ತಲು ಯಾರಿಗೆ ಕೈ ಬರುತ್ತದೆ? ಐದನ್ನೇ ಒತ್ತುತ್ತೇವೆ. ಆ ಐದನ್ನು ನೋಡಿ ಮುಂದಿನ ವಾರ ಇನ್ನೊಂದು ಕುಟುಂಬ ಕಿಟಕಿಯ ಟೇಬಲ್ಲಿಗೆ ಮುಂಗಡ ಕಟ್ಟುತ್ತದೆ.

ಆದರೂ ಕೊಡಿ. ಐದೇ ಕೊಡಿ. ಹುಡುಗನ ಹೆಸರನ್ನು ಕಾಗುಣಿತ ತಪ್ಪದೆ ಬರೆಯಿರಿ. ಮೀನಿನ ಹೆಸರು ಬರೆಯುವುದು ಬೇಡ. ಅದು ಅಡುಗೆಮನೆಗೂ ಗೊತ್ತಿದ್ದಂತಿಲ್ಲ.