ಐರ್ಲೆಂಡಿನ ಬರಗಾಲದ ಸೂಪು: ಊರಿನ ನೆನಪನ್ನು ನಂಬಬಹುದೇ?

ಪರ

ನಂಬಲೇಬೇಕು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಬರ ಮುಗಿಯುವ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತಿದ್ದರು. ಅಂಥ ಕಾಲದಲ್ಲಿ ಹಸಿದ ಕ್ಯಾಥೊಲಿಕರಿಗೆ ಕೆಲವು ಪ್ರಾಟೆಸ್ಟೆಂಟ್ ಪಾದ್ರಿಗಳು ಸೂಪಿನ ಜೊತೆ ತಮ್ಮ ಮತವನ್ನೂ ಬಡಿಸಿದರು ಎಂದು ಪಶ್ಚಿಮ ಐರ್ಲೆಂಡಿನ ಊರೂರೂ ಹೇಳುತ್ತದೆ. ಆಗ ಶುಕ್ರವಾರ ಕ್ಯಾಥೊಲಿಕರು ಮಾಂಸ ಮುಟ್ಟುತ್ತಿರಲಿಲ್ಲ. ಬೇಕಂತಲೇ ಅವತ್ತೇ ಮಾಂಸದ ಸೂಪು ಕೊಡುತ್ತಿದ್ದರಂತೆ.

ಇದೇನು ಸುಮ್ನೆ ಕಟ್ಟಿದ ಕಥೆಯೇ? ಪಶ್ಚಿಮ ಕರಾವಳಿಯ ಅಕಿಲ್ ದ್ವೀಪ ನೋಡಿ. ಎಡ್ವರ್ಡ್ ನ್ಯಾಂಗಲ್ ಎಂಬ ಪಾದ್ರಿ ಬರಕ್ಕೆ ಮುಂಚೆಯೇ, 1830ರ ದಶಕದಲ್ಲೇ, ಅಲ್ಲಿ ಮಿಷನ್ ಶುರುಮಾಡಿದ್ದ. ಬರ ಬಂದಾಗ ಅವನ ಶಾಲೆಗಳಲ್ಲಿ ಮಕ್ಕಳಿಗೆ ಊಟ ಸಿಗುತ್ತಿತ್ತು. ಪಾಠ ಮಾತ್ರ ಮಿಷನ್ನಿನದು. ಮಗು ಬದುಕಲಿ ಎಂದು ಆ ಶಾಲೆಗೆ ಕಳಿಸಿದ ತಾಯಿಗೆ ಬೇರೆ ದಾರಿ ಏನಿತ್ತು? ಇದು ಷರತ್ತಲ್ಲದೆ ಮತ್ತೇನು? 1849ರಲ್ಲಿ ಅಲೆಕ್ಸಾಂಡರ್ ಡಲ್ಲಾಸ್ ಎಂಬ ಇಂಗ್ಲಿಷ್ ಪಾದ್ರಿ ಕಟ್ಟಿದ ಸಂಘವೂ ಮತಾಂತರಕ್ಕೆಂದೇ ಪಶ್ಚಿಮದ ಕನೆಮಾರಾ ಪ್ರದೇಶಕ್ಕೆ ಇಳಿಯಿತು. ಜನ ಇನ್ನೂ ಸಾಯುತ್ತಿದ್ದ ಹೊತ್ತದು!

ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಷರತ್ತಿಲ್ಲದೆ ಕೊಟ್ಟರಲ್ಲ ಎನ್ನುವವರಿದ್ದಾರೆ. ಕೊಟ್ಟರು, ಸರಿ. ಒಬ್ಬ ಒಳ್ಳೆಯವನಿದ್ದ ಮಾತ್ರಕ್ಕೆ ಇನ್ನೊಬ್ಬನ ತಪ್ಪು ಮಾಫಿಯೇ? ಬಡವರ ಬಳಿ ಕಾಗದಪತ್ರ ಇರಲಿಲ್ಲ. ಅವರಿಗಿದ್ದದ್ದು ನೆನಪೊಂದೇ. ಅದನ್ನೂ ಸುಳ್ಳು ಎಂದರೆ ಅವರ ಪರ ಮಾತಾಡುವವರು ಯಾರು?

ವಿರೋಧ

ಊರಿನ ನೆನಪನ್ನು ಹಾಗೇ ನಂಬಬಾರದು ಎನ್ನುವ ಕಡೆಯಿಂದ ಬರೆಯುತ್ತಿದ್ದೇನೆ. ಅಕಿಲ್‌ನ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ 1847ರ ಬೇಸಿಗೆಯಲ್ಲಿ ಸರ್ಕಾರದ ಗಂಜಿ ಕೇಂದ್ರಗಳಲ್ಲಿ ದಿನಕ್ಕೆ 30 ಲಕ್ಷ ಜನ ಉಂಡರು. ಅಲ್ಲಿ ಯಾರೂ ಮತ ಬದಲಿಸಬೇಕಿರಲಿಲ್ಲ. ಹಸಿದವರ ಸೇವೆ ಮಾಡುತ್ತಾ ಜ್ವರ ತಗುಲಿ ಸತ್ತ ಪ್ರಾಟೆಸ್ಟೆಂಟ್ ಪಾದ್ರಿಗಳೂ ಇದ್ದಾರೆ. ಊರಿನ ಕಥೆಗಳಲ್ಲಿ ಇವರೆಲ್ಲ ಅಷ್ಟಾಗಿ ಬರುವುದಿಲ್ಲ.

ನಾನು ಐರ್ಲೆಂಡಿನಲ್ಲಿ ನರ್ಸ್. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ಚಿಕ್ಕವರಿದ್ದಾಗ ಶಾಲೆಯ ಮಕ್ಕಳು "ನಿಮ್ಮ ಮನೆಯವರು ಸೂಪು ಕುಡಿದವರು", ಅಂದರೆ ಸೂಪಿಗಾಗಿ ಮತ ಬಿಟ್ಟವರು, ಎಂದು ಹಂಗಿಸುತ್ತಿದ್ದರಂತೆ. ಅಜ್ಜಿ ದಿನಾ ಜಪಮಾಲೆ ಹಿಡಿಯುವ ಕ್ಯಾಥೊಲಿಕ್. ಅವರ ಅಪ್ಪ, ತಾತ ಎಲ್ಲರೂ ಅದೇ ಚರ್ಚಿನವರು. ಆ ಮಾತು ಎಲ್ಲಿಂದ ಹುಟ್ಟಿತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಲದ ಬೇಲಿಯ ಜಗಳ ಇರಬಹುದು ಎಂದು ಅವರಮ್ಮ ಹೇಳುತ್ತಿದ್ದರಂತೆ. ಅಕ್ಕನಿಗೆ ಬಂದ ಒಂದು ಸಂಬಂಧವೂ ಇದೇ ಕಾರಣಕ್ಕೆ ತಪ್ಪಿತು. ಇದನ್ನು ಹೇಳುವಾಗ ಅಜ್ಜಿಗೆ ಎಂಬತ್ತು ದಾಟಿತ್ತು, ಆದರೂ ಸಿಟ್ಟು ಇಳಿದಿರಲಿಲ್ಲ.

ಮಿಷನ್ನುಗಳು ತಪ್ಪು ಮಾಡಿದವು, ಒಪ್ಪುತ್ತೇನೆ. ಆದರೆ ಇಂಥ ಮನೆ ಸೂಪಿಗಾಗಿ ಮತ ಬಿಟ್ಟಿತು ಎಂದು ಊರು ಹೇಳಿದರೆ, ಬೇರೆ ಆಧಾರವಿಲ್ಲದೆ ನಾನು ನಂಬುವುದಿಲ್ಲ.