ಕಾಲಿನ ನರ ಉಬ್ಬಿದವರನ್ನು ಮೊದಲು ಏನು ಕೇಳಬೇಕು?

ನಮ್ಮಪ್ಪ ದಾವಣಗೆರೆಯಲ್ಲಿ 30 ವರ್ಷ ಬೆಣ್ಣೆ ದೋಸೆ ಹುಯ್ದವರು. ಬೆಳಿಗ್ಗೆ ಸೌದೆ ಒಲೆಯ ಮುಂದೆ ನಿಂತರೆ ಮಧ್ಯಾಹ್ನದವರೆಗೂ ಕೂರುವ ಮಾತಿಲ್ಲ. ಎಡಗಾಲಿನ ಮೀನಖಂಡದ ಮೇಲೆ ನೀಲಿ ನರ ಹಗ್ಗದ ಹಾಗೆ ಎದ್ದಿತ್ತು. ನಿಂತು ದುಡಿಯೋರಿಗೆ ಇದೆಲ್ಲ ಇದ್ದದ್ದೇ ಅಂತ ಅವರೂ ಸುಮ್ಮನಿದ್ದರು, ನಾವೂ ಸುಮ್ಮನಿದ್ದೆವು. ಆಮೇಲೆ ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಯಿತು. ತುರಿಕೆ ಶುರುವಾಯಿತು. ಕೊನೆಗೆ ಹುಣ್ಣು. ಎರಡು ವರ್ಷ ಮುಲಾಮು ಹಚ್ಚಿದ್ದೇ ಹಚ್ಚಿದ್ದು.

ನಾವು ನರ ಅಂತೀವಿ, ಆದರೆ ಅದು ರಕ್ತನಾಳ. ಕಾಲಿನ ರಕ್ತ ಮೇಲೆ ಹೃದಯಕ್ಕೆ ಹೋಗಬೇಕಲ್ವಾ? ಅದು ಕೆಳಗೆ ಜಾರದ ಹಾಗೆ ನಾಳದೊಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ವಾಪಸ್ ಇಳಿದು ಅಲ್ಲೇ ನಿಲ್ಲುತ್ತದೆ, ನಾಳ ಉಬ್ಬುತ್ತದೆ. ಒಳಗೆ ಅಷ್ಟು ಒತ್ತಡ ಇರುವಾಗ ಮೇಲೆ ಹಚ್ಚಿದ ಮುಲಾಮಿನಿಂದ ಹುಣ್ಣು ಹೇಗೆ ಮಾಯಬೇಕು?

ಮೊದಲು ಹೋದ ಕಡೆ ಕಾಲನ್ನು ಒಮ್ಮೆ ನೋಡಿ, ಲೇಸರ್ ಪ್ಯಾಕೇಜ್ ಇಷ್ಟು ಅಂತ ಚೀಟಿ ಬರೆದುಕೊಟ್ಟರು. ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿಸಲಿಲ್ಲ. ಆ ಸ್ಕ್ಯಾನ್ ಇಲ್ಲದೆ ಯಾವ ನಾಳದಲ್ಲಿ ರಕ್ತ ಹಿಂದೆ ಬರುತ್ತಿದೆ, ಒಳಗಿನ ದೊಡ್ಡ ನಾಳ ಸರಿ ಇದೆಯಾ ಅನ್ನೋದು ಗೊತ್ತಾಗುವುದಿಲ್ಲ. ಎರಡನೇ ವೈದ್ಯರು ಅಪ್ಪನನ್ನು ನಿಲ್ಲಿಸಿಯೇ ಸ್ಕ್ಯಾನ್ ಮಾಡಿದರು. ಅದಕ್ಕೂ ಮೊದಲು, "ರಾತ್ರಿ ನಿದ್ದೆ ಬರುತ್ತಾ ಯಜಮಾನ್ರೇ? ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ?" ಅಂತ ಕೇಳಿದರು. ಅಷ್ಟು ವರ್ಷಗಳಲ್ಲಿ ಮಗನಾಗಿ ನಾನೂ ಅದನ್ನು ಕೇಳಿರಲಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆಂದೇ ಒಂದು ಪ್ರಶ್ನಾವಳಿ ಇದೆ, ಅಬರ್ಡೀನ್ ಪ್ರಶ್ನಾವಳಿ ಅಂತ. ನೋವು ಎಷ್ಟು ದಿನ ಇತ್ತು, ಕಾಲು ಊದುತ್ತಾ, ಕೆಲಸಕ್ಕೆ ತೊಂದರೆಯಾಗುತ್ತಾ, ಹಾಕುವ ಬಟ್ಟೆಯನ್ನು ಈ ಕಾಲು ನೋಡಿಕೊಂಡು ಆರಿಸುತ್ತೀರಾ ಅಂತೆಲ್ಲ ಅದು ಕೇಳುತ್ತದೆ. ಅದೇ ಅಳತೆ ಇಟ್ಟುಕೊಂಡು ಅಲ್ಲಿನ 11 ಕಡೆ 798 ಜನರಲ್ಲಿ ಮೂರು ಚಿಕಿತ್ಸೆ ಹೋಲಿಸಿದರು: ನಾಳ ಕಟ್ಟಿ ಎಳೆದು ತೆಗೆಯುವ ಹಳೆಯ ಆಪರೇಷನ್, ನಾಳವನ್ನು ಒಳಗಿನಿಂದ ಸುಟ್ಟು ಮುಚ್ಚುವ ಲೇಸರ್, ನೊರೆಯಂಥ ಔಷಧಿ ಚುಚ್ಚುವ ಫೋಮ್. 2019ರಲ್ಲಿ ಐದು ವರ್ಷದ ಫಲಿತಾಂಶ ಬಂತು. ಲೇಸರ್ ಮತ್ತು ಆಪರೇಷನ್ ಆದವರ ಬದುಕು ಫೋಮ್ ಆದವರಿಗಿಂತ ಚೆನ್ನಾಗಿತ್ತು.

ಲೇಸರ್‌ನಲ್ಲಿ ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು. ದುಡ್ಡಿದ್ದರೆ ಖಂಡಿತ ಮಾಡಿಸಿಕೊಳ್ಳಿ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಳೆಯ ಆಪರೇಷನ್ ಮಾಡಿಸಿಕೊಂಡವರು ಕಳಪೆ ಚಿಕಿತ್ಸೆ ಸಿಕ್ಕಿತು ಅಂತ ಕೊರಗಬೇಕಾಗಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಲೇಸರ್‌ಗೆ ದುಡ್ಡು ಹೊಂದಿಸುತ್ತಾ ವರ್ಷಗಟ್ಟಲೆ ನೋವು ತಿನ್ನುವವರನ್ನು ನೋಡಿದ್ದೇನೆ.

ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಊತ, ನೋವು ಕಡಿಮೆಯಾಗುತ್ತದೆ. ಕೆಟ್ಟ ಕವಾಟ ರಿಪೇರಿ ಆಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ, ಒಲೆಯ ಮುಂದೆ, ಅದನ್ನು ಹಾಕ್ಕೊಂಡು ನಿಲ್ಲಿ ಅನ್ನುವುದು ಸುಲಭ. ಅಪ್ಪ ಮೂರೇ ದಿನಕ್ಕೆ ಬಿಚ್ಚಿಟ್ಟರು. ಅವರಿಗೆ ಹಠ ಅಂತ ನಾವು ಬೈದೆವು. ತಪ್ಪು ನಮ್ಮದು.

ಹುಣ್ಣು ಆಗಿದ್ದರಂತೂ ದಯವಿಟ್ಟು ಕಾಯಬೇಡಿ. 2018ರಲ್ಲಿ 450 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ ಬಂತು. ಎಲ್ಲರಿಗೂ ಬಿಗಿ ಪಟ್ಟಿ ಇತ್ತು. ಜೊತೆಗೆ ನಾಳಕ್ಕೂ ಬೇಗ ಚಿಕಿತ್ಸೆ ಕೊಟ್ಟವರ ಹುಣ್ಣು ಸುಮಾರು 56 ದಿನಕ್ಕೆ ಮಾಯಿತು, ನಾಳದ ಚಿಕಿತ್ಸೆ ಮುಂದೂಡಿದವರದ್ದು 82 ದಿನಕ್ಕೆ. ನಾವು ಎರಡು ವರ್ಷ ಕಳೆದಿದ್ದೆವು.

"ನಾಳ ತೆಗೆದರೆ ರಕ್ತ ಎಲ್ಲಿ ಹೋಗುತ್ತೆ?" ಅಂತ ಅಮ್ಮನಿಗೆ ದೊಡ್ಡ ಭಯವಿತ್ತು. ಕಾಲಿನ ಹೆಚ್ಚಿನ ರಕ್ತ ಹೋಗುವುದು ಒಳಗಿನ ಆಳದ ನಾಳಗಳಲ್ಲಿ, ಅವು ಚೆನ್ನಾಗಿವೆ ಅಂತ ವೈದ್ಯರು ಚಿತ್ರ ಬರೆದು ತೋರಿಸಿದರು. ಆಮೇಲೇ ಅಮ್ಮ ಒಪ್ಪಿದ್ದು.

ಅಪ್ಪನಿಗೆ ಹಳೆಯ ಆಪರೇಷನ್ನೇ ಆಯಿತು. ಕೆಲವು ವಾರ ಕೆಲಸ ಬಿಟ್ಟರು. ಹುಣ್ಣು ಮಾಯಿತು, ಕಪ್ಪು ಕಲೆ ಪೂರ್ತಿ ಹೋಗಿಲ್ಲ. ಉಬ್ಬು ಮತ್ತೆ ಬರಬಹುದು ಅಂತ ವೈದ್ಯರು ಮೊದಲೇ ಹೇಳಿದ್ದಾರೆ. ಆದರೆ ಎಷ್ಟೋ ವರ್ಷ ಪಂಚೆಯನ್ನು ಪಾದದವರೆಗೆ ಇಳಿಬಿಟ್ಟೇ ಓಡಾಡುತ್ತಿದ್ದವರು, ಮೊನ್ನೆ ಅಂಗಳ ತೊಳೆಯುವಾಗ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದರು.