ಜೂನ್ ಎರಡರಂದು ಹುಟ್ಟಿದ ತಪ್ಪಿಗೆ

ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕು, ಇಲ್ಲದಿದ್ದರೆ ಒಂದನೇ ಕ್ಲಾಸಿಲ್ಲ. ಗೊತ್ತಿರುವ ಕಥೆಯೇ. ಪ್ರತಿ ಬೇಸಿಗೆಯಲ್ಲೂ ಮಾವಿನ ಹಣ್ಣಿನ ಹಾಗೆ ತಪ್ಪದೆ ಬರುತ್ತದೆ: ಪೋಷಕರ ಮನವಿ, ಇಲಾಖೆಯ ಸ್ಪಷ್ಟನೆ, ಖಾಸಗಿ ಶಾಲೆಗಳ ಕಳವಳ, 'ಪರಿಶೀಲಿಸುತ್ತೇವೆ' ಎಂಬ ಅಭಯ. ಈ ಗದ್ದಲದಲ್ಲಿ ಒಂದು ವೈಜ್ಞಾನಿಕ ಸತ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ಜೂನ್ ಒಂದರ ರಾತ್ರಿ ಹನ್ನೊಂದು ಐವತ್ತೆಂಟಕ್ಕೆ ಹುಟ್ಟಿದ ಕೂಸು ಶಾಲೆಗೆ ಸಿದ್ಧ. ಪಕ್ಕದ ಬೆಡ್ಡಿನಲ್ಲಿ ನಾಲ್ಕು ನಿಮಿಷ ತಡವಾಗಿ ಹುಟ್ಟಿದ್ದು ಇನ್ನೂ ಎಳಸು. ಅದರ ಮೆದುಳು ಇನ್ನೊಂದು ವರ್ಷ ಯುಕೆಜಿಯಲ್ಲೇ ಮಾಗಬೇಕು, ಇನ್ನೊಂದು ವರ್ಷದ ಫೀಸ್ ಸಮೇತ.

ಹಾಗಾಗಿ ಮಗುವಿನ ಕೆಜಿ ವರ್ಷದ ಬಗ್ಗೆ ಅಪ್ಪ ಅಮ್ಮ ತಿಳಿದಿರಬೇಕಾದ ಮೊದಲ ಸಂಗತಿ, ಅದರ ತಯಾರಿ ಹೆರಿಗೆಗೆ ಒಂಬತ್ತು ತಿಂಗಳು ಮುಂಚೆ ಶುರುವಾಗುತ್ತದೆ. ಆಗಸ್ಟ್ ಕಳೆಯಿತೋ, ಗಂಡ ಹೆಂಡತಿ ಸ್ವಲ್ಪ ದಿನ ಸುಮ್ಮನೆ ಟೀವಿ ನೋಡಿಕೊಂಡಿರುವುದು ಕ್ಷೇಮ. ಸಿಸೇರಿಯನ್‌ಗೆ ಮುಹೂರ್ತ ಇಟ್ಟುಕೊಡುವ ಜೋಯಿಸರೂ ಪಂಚಾಂಗದ ಮಧ್ಯೆ ಇಲಾಖೆಯ ಸುತ್ತೋಲೆಯೊಂದನ್ನು ಸಿಕ್ಕಿಸಿಕೊಳ್ಳಲಿ. ನಕ್ಷತ್ರ ಕೆಟ್ಟರೆ ಶಾಂತಿ ಮಾಡಿಸಬಹುದು. ತಾರೀಖು ಕೆಟ್ಟರೆ ಅದಕ್ಕೆ ಯಾವ ಶಾಂತಿಯೂ ಇಲ್ಲ.

ಹಿಂದಿನವರು ಇದನ್ನೆಲ್ಲ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದರು. ಹೆಡ್‌ಮಾಸ್ಟರ ಮುಂದೆ ಹುಡುಗನನ್ನು ತಂದು ನಿಲ್ಲಿಸಿದರೆ, 'ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟೋ' ಎನ್ನುತ್ತಿದ್ದರು. ಮುಟ್ಟಿದರೆ ಹಾಜರಿ ಪುಸ್ತಕದಲ್ಲಿ ಹೆಸರು, ಮುಟ್ಟದಿದ್ದರೆ 'ಬರೋ ವರ್ಷ ಕರ್ಕೊಂಡ್ ಬಾರಪ್ಪ'. ನಗುವ ಹಾಗಿಲ್ಲ. ನಾಲ್ಕು ವರ್ಷದ ಮಗುವಿಗೆ ತಲೆ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿಗೆ ಕೈ ಉದ್ದವಾಗಿ ಆಚೆ ಕಿವಿಗೆ ಎಟಕುತ್ತದೆ. ಇಲಾಖೆ ಇಷ್ಟೆಲ್ಲ ಕಾಗದ ಖರ್ಚು ಮಾಡಿ ಹೇಳುತ್ತಿರುವುದನ್ನು ಮೇಷ್ಟ್ರು ಒಂದು ಕಿವಿಯಲ್ಲಿ ಮುಗಿಸಿದ್ದರು. ಆಮೇಲೆ ಹುಟ್ಟಿದ ದಿನದ ಪ್ರಶ್ನೆ. 'ಆ ವರ್ಷ ಕೆರೆ ಕೋಡಿ ಬಿದ್ದಿತ್ತಲ್ಲ ಸ್ವಾಮಿ, ಆಗ' ಎಂದು ಅಪ್ಪ ಹೇಳಿದರೆ, ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ಫೇಸ್‌ಬುಕ್ ಅದೊಂದೇ ದಿನ ರಾಶಿ ರಾಶಿ ಶುಭಾಶಯ ಕೋರಿಸುವುದು ಈ ಕಾರಣಕ್ಕೆ. ಮೇ 31ರ ಸಂಜೆ ಸರ್ಕಾರಿ ಕಚೇರಿಗಳಲ್ಲಿ ಸಾಲು ಸಾಲು ಶಾಲು, ಹಾರ, ಬೀಳ್ಕೊಡುಗೆ ಭಾಷಣ ನಡೆಯುವುದೂ ಅದಕ್ಕೇ. ಸುಳ್ಳು ತಾರೀಖಿನ ಮೇಲೆ ಇಡೀ ತಲೆಮಾರು ಓದಿ, ನೌಕರಿ ಮಾಡಿ, ಪೆನ್ಷನ್ ತಗೊಂಡು ಸುಖವಾಗಿದೆ. ನಿಜ ತಾರೀಖಿನವರಿಗೆ ಮಾತ್ರ ಸೀಟಿಲ್ಲ.

ಈಗಿನ ಕಥೆ ನೋಡಿ. 2022ರ ಜುಲೈನಲ್ಲಿ ಆರು ವರ್ಷದ ಆದೇಶ ಬಂತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದವರ ಗತಿಯೇನು ಎಂದು ಗಲಾಟೆಯಾಯಿತು, ನ್ಯಾಯವಾದ ಗಲಾಟೆಯೇ. ಅದೇ ನವೆಂಬರಿನಲ್ಲಿ ಸರ್ಕಾರ 2025-26ರಿಂದ ಜಾರಿ ಎಂದು ಮುಂದೂಡಿತು. ಲೆಕ್ಕ ಕಷ್ಟದ್ದೇನಲ್ಲ. 2023ರಲ್ಲಿ ನಾಲ್ಕು ತುಂಬಿದವರನ್ನಷ್ಟೇ ಎಲ್‌ಕೆಜಿಗೆ ತಗೊಂಡರೆ 2025ಕ್ಕೆ ಎಲ್ಲರಿಗೂ ಆರು ತುಂಬಿರುತ್ತದೆ. ಆದರೆ ಶಾಲೆಗಳು ಮೂರೂವರೆಯವರನ್ನೂ ತಗೊಂಡವು. ಖಾಲಿ ಸೀಟು ಫೀಸ್ ಕಟ್ಟುತ್ತದೆಯೇ? ನಾವೂ ಸೇರಿಸಿದೆವು. ಪಕ್ಕದ ಮನೆಯ ಮಗು ಟೈ ಕಟ್ಟಿಕೊಂಡು ವ್ಯಾನ್ ಹತ್ತುವಾಗ ನಮ್ಮದು ಮಣ್ಣಾಡಿಕೊಂಡು ಕೂತರೆ ಮಾನ ಉಳಿಯುತ್ತದೆಯೇ? ತಡೆಯಬೇಕಾದವರು ಸುತ್ತೋಲೆ ಕಳಿಸಿ ಕೈ ತೊಳೆದುಕೊಂಡರು. 2025ರ ಏಪ್ರಿಲ್ ಬಂದಾಗ ಎಲ್ಲರಿಗೂ ಒಟ್ಟಿಗೇ ಆಶ್ಚರ್ಯ: ಅಯ್ಯೋ, ಮಕ್ಕಳಿಗೆ ಆರು ತುಂಬಿಲ್ಲವಲ್ಲ! ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು, ಇದೊಂದೇ ಸಲ, 2026-27ರಿಂದ ಆರೇ ಎಂದರು. ಜೂನ್ ಎರಡರವರು ಖುಲಾಸೆಯಾದರು. ಜನವರಿ ಎರಡರವರು ಹೊಸ ಆರೋಪಿಗಳಾದರು.

ಆರು ವರ್ಷ ಎಂಬ ಮಾತಿನಲ್ಲೇನೂ ತಪ್ಪಿಲ್ಲ ಅನ್ನಿ. ಫಿನ್ಲೆಂಡಿನಲ್ಲಿ ಏಳಕ್ಕೆ ಒಂದನೇ ಕ್ಲಾಸು, ಅವರೇನು ಹೆಬ್ಬೆಟ್ಟು ಒತ್ತುತ್ತಿಲ್ಲ. ತರಗತಿಯ ಅತಿ ಕಿರಿಯ ಮಕ್ಕಳಿಗೇ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಎಂಬ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಎಂದು ಕೆನಡಾ, ತೈವಾನಿನ ಅಧ್ಯಯನಗಳು ತೋರಿಸಿವೆ. ಮಗುವಿಗೆ ಕಾಯಿಲೆಯಲ್ಲ, ಪಕ್ಕದಲ್ಲಿ ಕೂತವನಿಗಿಂತ ಹತ್ತು ತಿಂಗಳು ಚಿಕ್ಕದು, ಅಷ್ಟೆ. ಆದರೆ ವಯಸ್ಸನ್ನು ತಿಂಗಳುಗಟ್ಟಲೆ ಅಳೆಯುವ ನಾವು, ಆ ವಯಸ್ಸಿನಲ್ಲಿ ಮಗು ಏನು ಮಾಡುತ್ತಿರಬೇಕು ಎಂದು ಮಾತ್ರ ಅಪ್ಪಿತಪ್ಪಿಯೂ ಕೇಳುವುದಿಲ್ಲ.

ಮೊದಲಿಗೆ ಅದು ಇಂಟರ್‌ವ್ಯೂ ಕೊಡುತ್ತಿರಬೇಕು. ನಮ್ಮ ಬೀದಿಯ ದಂಪತಿ ತಮ್ಮ ಮೂರು ವರ್ಷದ ಮಗಳನ್ನು ಒಂದು ಹೆಸರುವಾಸಿ ಶಾಲೆಗೆ ಕರೆದುಕೊಂಡು ಹೋಗಿದ್ದರು. ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ. ಮೇಡಂ ಸೇಬು ಎತ್ತಿ ತೋರಿಸಿ 'ವಾಟ್ ಈಸ್ ದಿಸ್, ಬೇಬಿ?' ಎಂದರು. ಮಗು ಅದನ್ನು ಇಸಿದುಕೊಂಡು, ಬಾಯಿಗೆ ಹಾಕಿ ಒಂದು ಸಲ ಕಚ್ಚಿ, ಮೇಡಂ ಕೈಗೇ ವಾಪಸ್ ಕೊಟ್ಟು 'ಸುಳ್ಳು' ಎಂದಿತು. ಆ ಕೋಣೆಯಲ್ಲಿ ಅವತ್ತು ಕೇಳಿಬಂದ ಏಕೈಕ ಸತ್ಯ ಅದು. ಸೀಟು ಸಿಗಲಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮನ ಪರೀಕ್ಷೆ ಬೇರೆ ನಡೆದಿತ್ತು: ಏನು ಓದಿದ್ದೀರಿ, ಎಲ್ಲಿ ಕೆಲಸ, ಮನೆಯಲ್ಲಿ ಯಾವ ಭಾಷೆ.

ಇದು ಕಾನೂನಿಗೆ ವಿರುದ್ಧವಲ್ಲವೇ ಎನ್ನುವ ಮುಗ್ಧರು ಇನ್ನೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಸೋಸಿ ಸೇರಿಸಿಕೊಳ್ಳುವ ಹಾಗಿಲ್ಲ ಎನ್ನುತ್ತದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ಕೇಳಲು ಎಷ್ಟು ಚೆಂದ! ಆದರೆ ಅದೇ ಕಾಯ್ದೆಯ ಪ್ರಕಾರ ಮಗು ಎಂದರೆ ಆರರಿಂದ ಹದಿನಾಲ್ಕು ವರ್ಷದವರು. ಮೂರು ವರ್ಷದ್ದು ಕಾನೂನಿನ ಕಣ್ಣಿಗೆ ಮಗುವೇ ಅಲ್ಲ. ಬಹುಶಃ ವಯಸ್ಕ ಇರಬೇಕು, ಅದಕ್ಕೇ ಇಂಟರ್‌ವ್ಯೂ. ಸಂವಿಧಾನದ 45ನೇ ವಿಧಿ ಆರು ತುಂಬುವವರೆಗಿನ ಮಕ್ಕಳ ಆರೈಕೆಗೆ, ಶಿಕ್ಷಣಕ್ಕೆ ಸರ್ಕಾರ 'ಪ್ರಯತ್ನಿಸಬೇಕು' ಎನ್ನುತ್ತದೆ. ಪ್ರಯತ್ನ ನಡೆದೇ ಇದೆ.

ಸೀಟು ಸಿಕ್ಕ ಭಾಗ್ಯವಂತರಿಗೆ ನಾಲ್ಕು ಗೆರೆ ಕಾಪಿ. ನೀವು ಒಂದು ಸಲ ಹತ್ತಿರದಿಂದ ನೋಡಬೇಕು, ನಾಲ್ಕು ವರ್ಷದ ಮಗು ಅದರಲ್ಲಿ ಕರ್ಸಿವ್ ಎಫ್ ಬರೆಯುವುದನ್ನು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಹೊರಗೆ ಚಾಚಿ, ಇಡೀ ಭುಜ ತಿರುಗಿಸುತ್ತದೆ. ಮೇಲಿನ ಗೆರೆ ದಾಟಿ ಅಕ್ಷರ ಪಕ್ಕದ ಪುಟಕ್ಕೇ ಹೊರಟಿರುತ್ತದೆ. ಕೆಳಗೆ ಕೆಂಪು ಶಾಯಿಯಲ್ಲಿ 'ಇಂಪ್ರೂವ್ ಯುವರ್ ಹ್ಯಾಂಡ್‌ರೈಟಿಂಗ್'. ಯಾವ ಹ್ಯಾಂಡು? ಮಣಿಕಟ್ಟಿನ ಎಂಟು ಮೂಳೆಗಳು ಹುಟ್ಟುವಾಗ ಮೂಳೆಗಳೇ ಅಲ್ಲ, ಬರೀ ಮೃದ್ವಸ್ಥಿ. ವರ್ಷಗಳ ಮೇಲೆ ಒಂದೊಂದೇ ಗಟ್ಟಿಯಾಗುತ್ತವೆ. ನಾಲ್ಕಕ್ಕೆ ಅರ್ಧದಷ್ಟು ಆಗಿರುತ್ತದೆ, ಕೊನೆಯದರ ಸರದಿ ಬರುವುದು ಎಂಟು ದಾಟಿದ ಮೇಲೆ. ಇನ್ನೂ ಪೂರ್ತಿ ಬಂದಿರದ ಕೈಗೆ ಬರಹ ದುಂಡಗಿಲ್ಲ ಎಂದು ಬೈಯುತ್ತಿದ್ದೇವೆ.

2020ರ ಶಾಲಾ ಬ್ಯಾಗ್ ನೀತಿ ಪೂರ್ವ ಪ್ರಾಥಮಿಕಕ್ಕೆ ಚೀಲವೇ ಬೇಡ ಎಂದಿದೆ. 2022ರ ಅಕ್ಟೋಬರಿನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟ, ಕಥೆ, ಹಾಡು, ಆಟಿಕೆ ಎಂದು ಪುಟಗಟ್ಟಲೆ ಬರೆದಿದೆ. ನಮ್ಮ ಶಾಲೆಗಳು ಅದನ್ನು ಅಕ್ಷರಶಃ ಪಾಲಿಸುತ್ತವೆ, ಆದರೆ ಆಡುವವರು ಅಪ್ಪ ಅಮ್ಮ. ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ 'ಡಿಯರ್ ಪೇರೆಂಟ್ಸ್, ಟುಮಾರೊ ಈಸ್ ಯೆಲ್ಲೋ ಡೇ' ಎಂದು ಬಿದ್ದ ಕೂಡಲೇ ಇಡೀ ಬಡಾವಣೆ ಹಳದಿ ಅಂಗಿಗೆ ಬೀದಿಗಿಳಿಯುತ್ತದೆ. ಟಿಫನ್ ಡಬ್ಬಿಗೂ ಹಳದಿಯದೇ ಬೇಕು, ಪುಣ್ಯಕ್ಕೆ ಚಿತ್ರಾನ್ನ ಇದೆ. ಬ್ಲೂ ಡೇ ಬಂದಾಗ ಏನು ಕಲಸುತ್ತೀರೋ ನೀವೇ ನೋಡಿಕೊಳ್ಳಿ. ಥರ್ಮೋಕೋಲಿನಲ್ಲಿ ವಿಧಾನಸೌಧ ಕಟ್ಟುವುದೂ ಅಪ್ಪನ ಹೋಂವರ್ಕೇ. ಬಹುಮಾನ ಮಗುವಿಗೆ ಬರುತ್ತದೆ, ಫೆವಿಕ್ವಿಕ್‌ನಲ್ಲಿ ಅಂಟಿದ ಬೆರಳು ಅಪ್ಪನಿಗೆ ಉಳಿಯುತ್ತದೆ.

ಈ ಕೆಜಿಯನ್ನು, ಅಂದರೆ ಕಿಂಡರ್‌ಗಾರ್ಟನ್ ಅನ್ನು, ಶುರು ಹಚ್ಚಿದ ಪುಣ್ಯಾತ್ಮ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಉಲ್ಲನ್ ಚೆಂಡು, ಮರದ ಗೋಳ, ಮರದ ಘನಗಳನ್ನು ಮಕ್ಕಳ ಮುಂದಿಟ್ಟು ಆಡಿಕೊಳ್ಳಿ ಎಂದ. ಟೈ ಇಲ್ಲ, ಕಾಪಿ ಪುಸ್ತಕ ಇಲ್ಲ. 1851ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಕಾರಣ, ಅಲ್ಲಿ ಮಕ್ಕಳಿಗೆ ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆ ಎಂಬ ಗುಮಾನಿ. ಅಧಿಕಾರಿಗಳು ಅವನನ್ನು ಅವನ ಅಣ್ಣನ ಮಗ ಕಾರ್ಲ್ ಜೊತೆ ಬೆರೆಸಿ ಗೊಂದಲ ಮಾಡಿಕೊಂಡಿದ್ದರು ಎನ್ನುತ್ತಾರೆ. ಮರುವರ್ಷ ಅವನು ತೀರಿಕೊಂಡ, ನಿಷೇಧ ತೆರವಾಗಿದ್ದು 1860ರಲ್ಲಿ. ಸರ್ಕಾರಕ್ಕೆ ಹೆದರಿಕೆ ಹುಟ್ಟಿಸುವಷ್ಟು ಅಪಾಯಕಾರಿಯಾಗಿತ್ತು, ಮಕ್ಕಳು ಸುಮ್ಮನೆ ಆಡುವುದು. ಈಗ ನಮ್ಮ ಯಾವ ಎಲ್‌ಕೆಜಿಯನ್ನೂ ಆ ಕಾರಣಕ್ಕೆ ಯಾರೂ ನಿಷೇಧಿಸಲಾರರು.

ಬದಲಿಗೆ ಗ್ರಾಜುಯೇಷನ್ ಡೇ ಇದೆ. ಏಪ್ರಿಲಿನ ಬಿಸಿಲಿನಲ್ಲಿ ಕಪ್ಪು ಗೌನು, ಕಣ್ಣ ಮೇಲೆ ಜಾರುವ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಸುರುಳಿ. ಮುಖ್ಯ ಅತಿಥಿಗಳು ಯುಕೆಜಿ ಪದವೀಧರರಿಗೆ ರಾಷ್ಟ್ರ ನಿರ್ಮಾಣದ ಕರೆ ಕೊಡುತ್ತಾರೆ. ಮೂರನೇ ಸಾಲಿನ ಪದವೀಧರ ಚಡ್ಡಿಯಲ್ಲೇ ಮೂತ್ರ ಮಾಡಿಕೊಂಡು ಅಳುತ್ತಾನೆ, ಆಯಾ ಅವನನ್ನು ಗೌನು ಸಮೇತ ಎತ್ತಿಕೊಂಡು ಹಿಂದಕ್ಕೆ ಓಡುತ್ತಾಳೆ, ಫೋಟೋದವನು ಆ ಜಾಗಕ್ಕೆ ಇನ್ನೊಬ್ಬನನ್ನು ಎಳೆದು ನಿಲ್ಲಿಸುತ್ತಾನೆ. ಗೌನಿನ ಬಾಡಿಗೆ, ಫೋಟೋ, ಫ್ರೇಮು, ಎಲ್ಲಕ್ಕೂ ಬೇರೆ ರಸೀದಿ. ಆ ಹುಡುಗ ವರ್ಷವಿಡೀ ಸುಸ್ಸು ಬಂದಿದೆ ಎಂದು ಹೇಳಲು ಇಂಗ್ಲಿಷ್ ಬರದೆ ತಡೆದುಕೊಂಡವನು. ಕನ್ನಡದಲ್ಲಿ ಕೇಳಿದರೆ ಕಳಿಸುತ್ತಿರಲಿಲ್ಲ. ಇದನ್ನು ತಮಾಷೆಯಾಗಿ ಬರೆಯಬೇಕು ಎಂದು ಕೂತೆ, ಆಗುತ್ತಿಲ್ಲ. ಐದು ವರ್ಷದ ಮಗುವಿನ ಮೂತ್ರಕ್ಕೂ ಮಾಧ್ಯಮ ಗೊತ್ತು ಮಾಡಿರುವ ಜನ ನಾವು. ಅದಕ್ಕೆ ಸಾಲ ಮಾಡಿ ದುಡ್ಡು ಕಟ್ಟುತ್ತೇವೆ.

ಅಂಗನವಾಡಿ ಇದೆಯಲ್ಲ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ. ಫೀಸಿಲ್ಲ, ಇಂಟರ್‌ವ್ಯೂ ಇಲ್ಲ, ಊಟ ಇದೆ. ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಮಕ್ಕಳಿಗೆ ಹಾಡು ಹೇಳಿಕೊಡಬೇಕಾದ ಹೊತ್ತಿನಲ್ಲಿ ಆಕೆ ಯಾವುದೋ ಸರ್ವೆಗೆ ಮನೆ ಮನೆ ತಿರುಗುತ್ತಿರುತ್ತಾಳೆ, ಇಲ್ಲವೇ ಗೌರವಧನ ಹೆಚ್ಚಿಸಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂತಿರುತ್ತಾಳೆ. ಈ ಅಂಕಣ ಓದುವವರಲ್ಲಿ ಯಾರೂ ತಮ್ಮ ಮಗುವನ್ನು ಅಲ್ಲಿಗೆ ಕಳಿಸಿಲ್ಲ. ಬರೆಯುವವನೂ ಕಳಿಸಿಲ್ಲ.

ಉಳಿದದ್ದು ಒಂದು ಉಪಯುಕ್ತ ಮಾಹಿತಿ. ಯುಕೆಜಿಯ ಮಾರ್ಕ್ಸ್ ಕಾರ್ಡನ್ನು ಮುಂದೆ ಬದುಕಿನಲ್ಲಿ ಯಾರೂ ಕೇಳುವುದಿಲ್ಲ, ಫ್ರೇಮ್ ಹಾಕಿಸಬೇಡಿ. ಕೇಳುವುದು ಟಿಸಿ. ಅದಕ್ಕೆ ಹೋಗುವಾಗ ಬಾಕಿ ಎಲ್ಲ ಕಟ್ಟಿರಬೇಕು, ಮಗು ಹತ್ತದೇ ಇದ್ದ ಏಪ್ರಿಲ್ ತಿಂಗಳ ವ್ಯಾನ್ ಫೀಸೂ ಸೇರಿ.